56 ಮೊಟ್ಟೆ ಮಿಷನ್ನು: ಮರಿ ಮಾಡ್ತದೆ, ಆದ್ರೆ ಡಿಸ್‌ಪ್ಲೇ ನಂಬ್ಬೇಡಿ

ಮೊದ್ಲೇ ಹೇಳ್ಬಿಡ್ತೀನಿ, ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡೋ ಈ ಮಿಷನ್‌ಗೆ (ಇನ್‌ಕ್ಯುಬೇಟರ್) ಐದಕ್ಕೆ ಮೂರು ಸ್ಟಾರ್. ಎರಡನೇ ಬ್ಯಾಚ್ ಮಾತ್ರ ನೋಡಿದ್ರೆ ನಾಲ್ಕು ಕೊಡ್ಬೋದಿತ್ತು, ಆದ್ರೆ ಮೊದ್ಲನೇ ಬ್ಯಾಚಲ್ಲಿ ಚಿಪ್ಪಿನೊಳಗೇ ಸತ್ತೋದ ಮರಿಗಳನ್ನ ಎಣಿಸಿದ್ದು ನಾನೇ, ಅದ್ಕೆ ಒಂದು ಸ್ಟಾರ್ ಕಿತ್ಕೊಂಡೆ.

ನಮ್ದು ಪಾಂಡವಪುರ ತಾಲ್ಲೂಕಲ್ಲಿ ನಾಲೆ ಬಯಲಿನ ಒಂದು ಹಳ್ಳಿ. ಮನೆ ಹಿಂದೆ ನಾಟಿ ಕೋಳಿ ಒಂದಿಪ್ಪತ್ತು ಮೊದ್ಲಿಂದ್ಲೂ ಇದಾವೆ, ಅವ್ವನ ಖಾತೆ ಅದು. ನಾಟಿ ಹ್ಯಾಟೆ (ಹೆಣ್ಣು ಕೋಳಿ) ಕಾವು ಕೂತ್ರೆ ಹತ್ತನ್ನೆರಡು ಮೊಟ್ಟೆ ಮರಿ ಮಾಡ್ತದೆ, ಆಮೇಲೆ ಮರಿ ಸಾಕ್ಕೊಂಡು ಎರಡು ತಿಂಗಳು ಮೊಟ್ಟೆನೇ ಇಡಲ್ಲ. ಅದೂ ಅಲ್ದೆ ಅದು ಕೂರೋದು ಅದಕ್ಕೆ ಮನಸ್ಸು ಬಂದಾಗ, ನಮಗೆ ಬೇಕಾದಾಗಲ್ಲ. ಯುಗಾದಿ ಮಾರನೇ ದಿನ ಹೊಸತೊಡಕಿನ ಬಾಡೂಟಕ್ಕೆ ನಾಟಿ ಕೋಳಿ ರೇಟು ಎಲ್ಲಿಗೋಗ್ತದೆ ಅಂತ ಈ ಕಡೆಯವ್ರಿಗೆ ಹೇಳ್ಬೇಕಾಗಿಲ್ಲ. ಆ ಟೈಮಿಗೆ ಒಂದೇ ವಯಸ್ಸಿನ ಮೂವತ್ತು ನಲವತ್ತು ಕೋಳಿ ಕೈಲಿರ್ಬೇಕು ಅಂದ್ರೆ ಐದು ತಿಂಗಳು ಮುಂಚೆ ಮರಿ ಬಂದಿರ್ಬೇಕು, ಅದು ಹ್ಯಾಟೆ ನಂಬ್ಕೊಂಡ್ರೆ ಆಗೋ ಕೆಲ್ಸ ಅಲ್ಲ ಅಂತ ದಸರಾ ಮುಗಿದ ವಾರ ಮೈಸೂರಿಗೋಗಿ ಒಂದು ಅಂಗಡೀಲಿ ಈ ಮಿಷನ್ ತಂದೆ. ಆರೂವರೆ ಸಾವಿರ. ತಾನೇ ಮೊಟ್ಟೆ ಹೊರಳಿಸ್ತದೆ, ಒಳಗೆ ಫ್ಯಾನ್ ಐತೆ, ಟೆಂಪರೇಚರ್ರು ತೇವಾಂಶ ಎರಡೂ ಮುಂದ್ಗಡೆ ತೋರಿಸ್ತದೆ, ನೀರು ಮೇಲಿಂದ ಪೈಪಲ್ಲಿ ಬಿಡ್ಬೋದು, ಮುಚ್ಚಳ ತೆಗೆಯಂಗಿಲ್ಲ. ಮ್ಯಾನ್ಯುಯಲ್ ಅಂತ ಕೊಟ್ಟಿರೋ ಚೀಟಿ ಇಂಗ್ಲಿಷಲ್ಲಿ ಐತೆ, ಆ ಇಂಗ್ಲಿಷ್ ಯಾವ ದೇಶದ್ದೋ.

ಮೊದ್ಲ ದಿನ ಅವ್ವ ಮಿಷನ್ ಮೇಲೆ ಒಂದು ಕಬ್ಬಿಣದ ಮೊಳೆ ಒಂದು ಚೂರು ಇದ್ದಲು ಇಟ್ಟು ಹೋದ್ಲು. ಗುಡುಗಿಗೆ ಮೊಟ್ಟೆ ಕೆಡ್ತವೆ ಅಂತ ಮಂಕರೀಲಿ ಕಾವಿಗಿಟ್ಟಾಗ್ಲೂ ಹಂಗೇ ಇಡ್ತಾಳೆ. ನಾನು ತೆಗೆದೆ, ಅವ್ಳು ಮತ್ತೆ ಇಟ್ಲು, ಹಿಂಗಾರು ಮಳೆ ಗುಡುಗು ಬೇರೆ ಜೋರಾಗೇ ಇತ್ತು, ಸುಮ್ನಾದೆ.

42 ಮೊಟ್ಟೆ ಇಟ್ಟೆ. ನಮ್ಮವು ಇಪ್ಪತ್ತೆಂಟು, ಮಿಕ್ಕಿದ್ದು ಸಂತೇಲಿ ತಂದಿದ್ದು. ಇಲ್ಲೇ ನನ್ನ ಮೊದ್ಲ ತಪ್ಪು, ಮಿಷನ್ದಲ್ಲ. ಸಂತೆ ಮೊಟ್ಟೆ ಎಷ್ಟು ದಿನದ್ದು, ಹುಂಜ ಇರೋ ಮನೇದಾ ಇಲ್ವಾ ಯಾರಿಗ್ಗೊತ್ತು. ಮರಿಗೆ ಇಡೋ ಮೊಟ್ಟೆ ಒಂದು ವಾರದೊಳಗಿಂದಾಗಿರ್ಬೇಕು, ತೊಳೀಬಾರ್ದು, ಚೂಪು ತುದಿ ಕೆಳಗೆ ಮಾಡಿ ತಂಪಾದ ಕಡೆ ಇಡ್ಬೇಕು. ಏಳನೇ ದಿನ ರಾತ್ರಿ ಲೈಟ್ ಆಫ್ ಮಾಡಿ ಮೊಬೈಲ್ ಟಾರ್ಚ್ ಹಿಡಿದು ನೋಡಿದ್ರೆ ಒಂಬತ್ತು ಖಾಲಿ, ಒಳಗೆ ಏನೂ ಇಲ್ಲ, ಒಂಬತ್ರಲ್ಲಿ ಏಳು ಸಂತೇದೇ. ಮಿಕ್ಕಿದ್ರಲ್ಲಿ ಜೇಡರ ಬಲೆ ಥರ ಕೆಂಪು ನರ ಕಾಣ್ತಿತ್ತು, ಎರಡ್ರಲ್ಲಿ ಮಾತ್ರ ನರ ಹೋಗಿ ಬರೀ ರಕ್ತದ ಉಂಗುರ, ಅಂದ್ರೆ ಸತ್ತಿದಾವೆ ಅಂತ. ಅವನ್ನೂ ಎತ್ತಿ ಹೊರಗಾಕ್ದೆ, ಬಿಟ್ರೆ ಕೊಳೆತು ಒಡ್ದು ನಾತ ಹೊಡೀತವೆ. ಉಳಿದಿದ್ದು 31.

18ನೇ ದಿನ ಹೊರಳಿಸೋ ಟ್ರೇ ತೆಗೆದು ನೀರು ಜಾಸ್ತಿ ಮಾಡಿದೆ. ಅಲ್ಲಿವರ್ಗೂ ತೇವಾಂಶ 50ರ ಆಸುಪಾಸು ಸಾಕು, ಕೊನೇ ಮೂರು ದಿನ 65-70 ಬೇಕು, ಇಲ್ಲಾಂದ್ರೆ ಒಳಗಿನ ಪೊರೆ ಒಣಗಿ ಮರಿಗೆ ಅಂಟ್ಕೊಳ್ತದೆ. 21ನೇ ದಿನ ಬಂತು, ಮಿಷನ್ ಮುಂದೆ ಕೂತಿದೀನಿ, ಒಂದೇ ಒಂದು ಮೊಟ್ಟೇಲಿ ಬಿರುಕು. 22ಕ್ಕೆ ಆರೇಳು, 23ಕ್ಕೆ ಮಿಕ್ಕಿದ್ದು, ಒಟ್ಟು 19 ಮರಿ, ಅದ್ರಲ್ಲೂ ಮೂರು ನಾಲ್ಕು ಎದ್ದು ನಿಲ್ಲಕ್ಕೂ ಆಗದಂಗೆ ಜೋತಾಡ್ಕೊಂಡು. 12 ಮೊಟ್ಟೆ ಒಡೆದು ನೋಡಿದ್ರೆ ಪೂರ್ತಿ ಬೆಳೆದ ಮರಿಗಳೇ ಒಳಗೆ ಸತ್ತಿದ್ವು.

ತಡವಾಗಿ ಬಂದ್ವಲ್ಲ ಅಂತ ಅನುಮಾನ ಬಂದು ಮನೇಲಿದ್ದ ಜ್ವರ ನೋಡೋ ಹಳೇ ಪಾದರಸದ ಥರ್ಮಾಮೀಟರ್ ಒಳಗಿಟ್ಟು ಮಿಷನ್ ಓಡಿಸ್ದೆ. ಡಿಸ್‌ಪ್ಲೇ 37.8 ಅಂತದೆ, ಅಂದ್ರೆ 100 ಡಿಗ್ರಿ ಫ್ಯಾರನ್‌ಹೀಟ್. ಪಾದರಸ 98.6 ದಾಟ್ಲಿಲ್ಲ, ಅಂದ್ರೆ 37. ಜ್ವರದ ಥರ್ಮಾಮೀಟರ್ ಹತ್ತಿದ್ದು ಇಳಿಯಲ್ಲ ನೋಡಿ, ಹಂಗಾಗಿ ಒಂದ್ಸಲಾನೂ ಅದು ಅಷ್ಟರ ಮೇಲೆ ಹೋಗೇ ಇಲ್ಲ ಅಂತ ಗ್ಯಾರಂಟಿ. ಮುಕ್ಕಾಲು ಡಿಗ್ರಿ ಏನ್ಮಹಾ ಅನ್ಸುತ್ತೆ, ಆದ್ರೆ 21 ದಿನ ಪೂರ್ತಿ ಕಾವು ಕಮ್ಮಿ ಆದ್ರೆ ಮರಿ ಬರೋದು ತಡ ಆಗ್ತದೆ, ಬಂದ್ರೂ ಶಕ್ತಿ ಇರಲ್ಲ. ಅಂಗಡಿಯವನಿಗೆ ಫೋನ್ ಮಾಡಿದ್ರೆ "ಸರ್ ನಿಮ್ ಮೊಟ್ಟೆ ಸರಿ ಇಲ್ಲ, ಮಿಷನ್ ಕರೆಕ್ಟಾಗೇ ಇದೆ" ಅಂದ. ಇನ್ನೊಂದ್ಸಲ ಮಾಡಿದೆ, ಎತ್ಲೇ ಇಲ್ಲ. ಆಮೇಲೆ ನಾನೇ ಆ ಬಟನ್ ಈ ಬಟನ್ ಒತ್ತಿ ಹಿಡಿದು ಕ್ಯಾಲಿಬ್ರೇಶನ್ ಜಾಗ ಹುಡುಕ್ಕೊಂಡು ಸರಿ ಮಾಡ್ಕೊಂಡೆ. ತಗೊಳ್ಳೋರು ಮೊಟ್ಟೆ ಇಡೋಕೆ ಮುಂಚೆ ಒಂದು ದಿನ ಖಾಲಿ ಓಡಿಸಿ ಬೇರೆ ಥರ್ಮಾಮೀಟರಲ್ಲಿ ತಾಳೆ ನೋಡ್ಲೇಬೇಕು.

ಕರೆಂಟಿನ ವಿಷ್ಯ. ಹನ್ನೊಂದನೇ ದಿನ ಮೂರೂವರೆ ಗಂಟೆ ಕರೆಂಟ್ ಹೋಯ್ತು. ಮುಚ್ಚಳ ತೆಗೀದೆ ಕಂಬಳಿ ಹೊದಿಸ್ದೆ, ಗಾಳಿ ತೂತು ಬಿಟ್ಟು. ಅದ್ರಿಂದ ಏನೂ ತೊಂದ್ರೆ ಆದಂಗೆ ಕಾಣ್ಲಿಲ್ಲ, ಹ್ಯಾಟೆನೂ ದಿನಾ ಮೇವಿಗೆ ಎದ್ದೋಗ್ತದಲ್ಲ. ಆದ್ರೆ ರಾತ್ರಿಯೆಲ್ಲ ಹೋದ್ರೆ ಕಷ್ಟ, ಇನ್‌ವರ್ಟರ್ ಇಲ್ದಿದ್ರೆ ಇದನ್ನ ತಗೋಬೇಡಿ.

ಈಗ ಆ ಜೋತಾಡೋ ಮರಿಗಳು. ಮಿಷನ್ ಬಗ್ಗೆ ವಿಡಿಯೋ ಹಾಕೋರು ಯಾರೂ ಇದನ್ನ ತೋರ್ಸಲ್ಲ, ಹಳದಿ ಮರಿ ಚಿಂವ್ ಚಿಂವ್ ಅಂತ ಓಡಾಡೋದು ತೋರ್ಸಿ ಲೈಕ್ ಮಾಡಿ ಅಂತಾರೆ. ಒಂದು ಮರಿ ಕೊಕ್ಕಿನಷ್ಟು ತೂತು ಮಾಡಿ ನಿಂತೋಯ್ತು. ಐದಾರು ಗಂಟೆ ಕಾದೆ, ತಡೀಲಾರ್ದೆ ಚಿಪ್ಪು ಬಿಡಿಸಕ್ಕೋದೆ, ಪೊರೇಲಿ ರಕ್ತ ಬಂತು, ಅರ್ಧ ಗಂಟೇಲಿ ಸತ್ತೋಯ್ತು. ತೂತು ಮಾಡಿದ್ಮೇಲೆ ಪೊರೆ ನರದ ರಕ್ತ ಒಳಗೆ ಎಳ್ಕೊಂಡು, ಹೊಟ್ಟೆಗೆ ಭಂಡಾರ (ಮೊಟ್ಟೆಯ ಹಳದಿ) ಸೇರಿಸ್ಕೊಂಡು, ಆಮೇಲೆ ಈಚೆ ಬರೋದಕ್ಕೆ ಹನ್ನೆರಡು ಗಂಟೆನೂ ಆಗ್ತದೆ, ಒಂದು ದಿನಾನೂ ಆಗ್ತದೆ, ಕೈ ಹಾಕ್ಬಾರ್ದು ಅಂತ ಅವ್ವ ಬೈದ್ಲು. ಅವ್ಳ ಇನ್ನೊಂದು ಮಾತೂ ಸರೀನೇ: "ಮರಿ ಮೊಟ್ಟೆ ಒಳ್ಗೇ ಕೂಗ್ತವೆ ಕಣ್ಲಾ, ಹ್ಯಾಟೆ ಕೊರ್ ಅಂತ ಮಾತಾಡ್ತದೆ, ನಿನ್ ಪೆಟ್ಗೆಗೆ ಮಾತು ಬತ್ತದಾ?"

ಇನ್ನೊಂದು ಮರಿ ಕಾಲು ಎರಡೂ ಕಡೆಗೆ ಜಾರಿ ಕಪ್ಪೆ ಥರ ಚಪ್ಪಟೆ ಮಲಗಿತ್ತು. ಕಾವು ಕಮ್ಮಿ ಆಗಿದ್ದೂ ಇರ್ಬೋದು, ನಾನು ಮರಿ ಬೆಚ್ಚಗಿಡೋ ಬ್ರೂಡರ್ ಪೆಟ್ಟಿಗೇಲಿ ಪೇಪರ್ ಹಾಸಿದ್ದೂ ಇರ್ಬೋದು, ನುಣ್ಣಗಿರೋ ಪೇಪರಲ್ಲಿ ಮರಿಗೆ ಹಿಡಿತ ಸಿಗಲ್ಲ. ಬ್ಯಾಂಡೇಜ್ ಪಟ್ಟಿ ಸಣ್ಣಗೆ ಉದ್ದಕ್ಕೆ ಕತ್ತರಿಸಿ ಎರಡೂ ಕಾಲಿಗೆ ಸೇರಿಸಿ ಕಟ್ಟಿದೆ, ಮಧ್ಯೆ ಮರಿ ನಿಂತಾಗ ಇರೋಷ್ಟೇ ಅಂತರ ಬಿಟ್ಟು. ಕೆಳಗೆ ಹಳೇ ಟವಲ್. ಮೊದ್ಲ ದಿನ ಮಕಾಡೆ ಬೀಳ್ತಿತ್ತು, ಎರಡು ಗಂಟೆಗೊಂದ್ಸಲ ಎತ್ತಿ ನಿಲ್ಸಿ ಕೊಕ್ಕಿನ ತುದೀನ ಬೆಲ್ಲದ ನೀರಿಗೆ ಮುಟ್ಟಿಸ್ದೆ. ನಾಲ್ಕನೇ ದಿನ ಪಟ್ಟಿ ಬಿಚ್ಚಿದ್ರೆ ನಡೀತು. ಬೆಲ್ಲ ನಮ್ಮೂರ ಆಲೆಮನೇದು, ಕರೀದು. ಡ್ರಾಪರಲ್ಲಿ ಬಾಯೊಳಗೆ ನೀರು ಬಿಡಬೇಡಿ, ಉಸಿರಿನ ಕೊಳವೆಗೆ ಹೋದ್ರೆ ಮುಗೀತು. ಅವಸರಾನೂ ಬೇಡ, ಹೊಟ್ಟೇಲಿರೋ ಭಂಡಾರದಲ್ಲಿ ಎರಡು ದಿನ ಮರಿ ಬದುಕ್ತದೆ, ಮೊದ್ಲು ಬೇಕಾಗೋದು ಬಿಸಿ. ಬಲ್ಬ್ ಕೆಳಗೆ ಮೊದ್ಲ ವಾರ 35 ಡಿಗ್ರಿ ಇಡ್ಬೇಕು, ಆಮೇಲೆ ವಾರಕ್ಕೆ ಮೂರರಂತೆ ಇಳಿಸ್ಬೇಕು. ಥರ್ಮಾಮೀಟರ್‌ಗಿಂತ ಮರಿಗಳೇ ಹೇಳ್ತವೆ: ಬಲ್ಬ್ ಕೆಳಗೆ ಒತ್ಕೊಂಡಿದ್ರೆ ಚಳಿ, ಮೂಲೆ ಸೇರಿ ಬಾಯಿ ತೆಕ್ಕೊಂಡಿದ್ರೆ ಸೆಕೆ.

ಎರಡನೇ ಬ್ಯಾಚ್ ನವೆಂಬರಲ್ಲಿ, ಬರೀ ಮನೆ ಮೊಟ್ಟೆ ಮತ್ತು ಪಕ್ಕದ್ಮನೇದು, 40. ಆರು ಖಾಲಿ, ಸರಿಯಾಗಿ 21ನೇ ದಿನ 29 ಮರಿ. ಅದೇ ಮಿಷನ್ನು! ಆ ಖುಷೀಲಿ ಇನ್ನೊಂದು ಎಡವಟ್ಟು ಮಾಡಿದೆ, ಕಾವು ಕೂತಿದ್ದ ಒಂದು ಹ್ಯಾಟೆಗೆ ಹಾಡುಹಗಲೇ ಎಂಟು ಮರಿ ಬಿಟ್ಟೆ. ಒಂದರ ತಲೆ ಸಿಗಿದುಹಾಕ್ತು. ಕತ್ತಲಾದ್ಮೇಲೆ ಹ್ಯಾಟೆ ರೆಕ್ಕೆ ಕೆಳಗೆ ಒಂದೊಂದಾಗಿ ಸರಿಸ್ಬೇಕಂತೆ, ಬೆಳಗ್ಗೆದ್ದು ತನ್ನವೇ ಅನ್ಕೊಳ್ತದೆ. ಗಾಯ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಅಯೋಡಿನ್‌ಗೆ ನೀರು ಬೆರೆಸಿ ಹಚ್ಚಿದೆ. ರಕ್ತ ಕಂಡ್ರೆ ಮಿಕ್ಕ ಮರಿಗಳೇ ಕುಕ್ಕಿ ಸಾಯಿಸ್ತವೆ, ಅದ್ಕೆ ಬೇರೆ ಪೆಟ್ಟಿಗೇಲಿಟ್ಟೆ, ಒಂಟಿ ಬಿಟ್ರೆ ಕೂಗಿ ಕೂಗಿ ಸೊರಗ್ತದೆ ಅಂತ ಜೊತೆಗೊಂದು ಸಾಧು ಮರಿ ಹಾಕ್ದೆ. ಈಗ ತಲೆ ಮೇಲೆ ಪುಕ್ಕ ಇಲ್ಲ, ಅಷ್ಟೇ, ಊಟಕ್ಕೆ ಮೊದ್ಲು ಅದೇ ಬರೋದು.

ಲಸಿಕೆ ಮರೀಬೇಡಿ. ಕೊಕ್ಕರೆ ರೋಗ, ಅಂದ್ರೆ ಕೋಳಿಗಳನ್ನ ಗುಂಪಾಗಿ ಸಾಯಿಸೋ ರಾಣಿಖೇತ್, ಬಂದ್ರೆ ಮಿಷನ್ನೂ ಇಲ್ಲ ಅವ್ವನೂ ಇಲ್ಲ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೊಂದು ಹನಿ. ಬಾಟ್ಲಿ ನೂರಾರು ಮರಿಗಾಗೋಷ್ಟು ಬರ್ತದೆ, ಬೆರೆಸಿದ್ಮೇಲೆ ಇಟ್ಕೊಳ್ಳಂಗಿಲ್ಲ, ಐಸಲ್ಲೇ ತರ್ಬೇಕು, ಅದ್ಕೆ ನಾವು ನಾಲ್ಕು ಮನೆಯವ್ರು ಸೇರಿ ಒಂದೇ ದಿನ ಹಾಕಿಸ್ದೋ.

ಮಿಷನ್ ತಗೊಳ್ಳಾ ಬೇಡ್ವಾ ಅಂದ್ರೆ, ಮನೇಲಿ ಹತ್ತು ಕೋಳಿ ಇದ್ರೆ ಬೇಡ, ಹ್ಯಾಟೇನೇ ಸಾಕು. ಗಿರಿರಾಜ ತಳಿ ಕೋಳಿ ಸಾಕೋರಿಗೆ ಬೇಕಾಗ್ಬೋದು, ಅವು ಕಾವು ಕೂರೋದು ಕಮ್ಮಿ. ನನಗೆ ಕಾಸು ಇನ್ನೂ ಹುಟ್ಟಿಲ್ಲ, ಹೊಸತೊಡಕು ಆಗ್ಲಿ ನೋಡಣ. ಮೂರನೇ ಬ್ಯಾಚ್ ಇವತ್ತಿಗೆ ಹದಿನಾರನೇ ದಿನ. ಜ್ವರದ ಥರ್ಮಾಮೀಟರ್ ಮಿಷನ್ ಪಕ್ಕದಲ್ಲೇ ಐತೆ, ಮೊಳೆ ಇದ್ದಲು ಮೇಲೈತೆ, ಈ ಸಲ ನಾನೂ ತೆಗೆಯಕ್ಕೆ ಹೋಗಿಲ್ಲ.