ಪ್ರಾಜೆಕ್ಟ್‌ಲಿಬ್ರೆ: ಮನೆ ಕಟ್ಟಿಸೋ ಕೆಲ್ಸಕ್ಕೆ ಹೆಂಗೈತಿ

ದಾವಣಗೆರೆಲಿ ಸಿವಿಲ್ ಕಾಂಟ್ರಾಕ್ಟ್ ನಮ್ದು, ವಿದ್ಯಾನಗರ, ಶಾಮನೂರು ಕಡೆ ಮನೆ ಕಟ್ಟಿ ಕೊಡ್ತೀವಿ. ಪ್ರಾಜೆಕ್ಟ್‌ಲಿಬ್ರೆ ಹಿಡಿದು ಮೂರ್ನಾಲ್ಕು ವರ್ಷ ಆತು. ಯಾವ ಕೆಲ್ಸ ಯಾವಾಗ ಶುರು, ಯಾವಾಗ ಮುಗೀಬೇಕು ಅಂತ ಪ್ಲಾನ್ ಹಾಕೋಕೆ 2012ರಲ್ಲಿ ಬಂದ ಫ್ರೀ ಸಾಫ್ಟ್‌ವೇರ್ ಇದು, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದ್ರಲ್ಲೂ ಓಡುತ್ತೆ, ಇದೇ ಕೆಲ್ಸಕ್ಕಿರೋ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಸಾಫ್ಟ್‌ವೇರಿನ ಫೈಲೂ ತೆಗಿಬೋದು.

ಇಂಥ ಸಾಫ್ಟ್‌ವೇರ್ ತಗೊಳ್ಳೋರು ಚಾರ್ಟ್ ಎಷ್ಟು ಚೆಂದ ಐತಿ ಅಂತ ನೋಡ್ತಾರೆ. ನಾನು ಕೇಳೋದು ಒಂದೇ, ಕೆಲ್ಸಕ್ಕೂ ಕೆಲ್ಸಕ್ಕೂ ಲಿಂಕ್ ಕೊಡೋಕೆ ಬರುತ್ತಾ, ಕ್ರಿಟಿಕಲ್ ಪಾತ್, ಅಂದ್ರೆ ಯಾವ್ಯಾವ ಕೆಲ್ಸ ತಡ ಆದ್ರೆ ಇಡೀ ಮನೇನೇ ತಡ ಆಗುತ್ತೆ ಅನ್ನೋದನ್ನ ತೋರಿಸುತ್ತಾ? ಮೋಲ್ಡ್, ಅಂದ್ರೆ ಕಾಂಕ್ರೀಟ್ ತಾರಸಿ ಹಾಕೋದನ್ನೇ ತಗೊಳ್ರಿ. ಸೆಂಟ್ರಿಂಗ್ (ಕಾಂಕ್ರೀಟ್ ಹೊರೋ ಹಲಗೆ, ಊರುಗೋಲು ಕಟ್ಟೋದು) ಮುಗಿದ್ರೆ ಕಂಬಿ ಕಟ್ಟೋದು, ಕಂಬಿ ನಡೀತಿರೋವಾಗ್ಲೇ ಎಲೆಕ್ಟ್ರಿಷಿಯನ್ ಬಂದು ಪೈಪು, ಫ್ಯಾನ್ ಬಾಕ್ಸು ಕೂರಿಸ್ಬೇಕು, ಇವೆರಡೂ ಆಗದೆ ಕಾಂಕ್ರೀಟ್ ಇಲ್ಲ, ಕಾಂಕ್ರೀಟ್ ಆದ್ಮೇಲೆ ಕಾಂಕ್ರೀಟ್ ಕೆಲ್ಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ 4.5 ಮೀಟರ್ ಒಳಗಿನ ಸ್ಪ್ಯಾನ್‌ಗೆ (ಒಂದು ಆಧಾರದಿಂದ ಇನ್ನೊಂದಕ್ಕಿರೋ ಅಂತರ) 7 ದಿನ, ಅದಕ್ಕಿಂತ ದೊಡ್ಡದಾದ್ರೆ 14 ದಿನ ಊರುಗೋಲು ತೆಗೆಯಂಗಿಲ್ಲ. ಇಷ್ಟನ್ನೂ ಒಂದಕ್ಕೊಂದು ಲಿಂಕ್ ಮಾಡಿಟ್ರೆ ಸೆಂಟ್ರಿಂಗ್ ಮಾಲು ಲೇಟಾದ ದಿನ ಅದೊಂದು ತಾರೀಕು ಬದಲಾಯಿಸಿದ್ರೆ ಸಾಕು, ಗೃಹಪ್ರವೇಶದವರೆಗೂ ಎಲ್ಲ ತಾನೇ ಮುಂದೆ ಹೋಗುತ್ತೆ, ತಡ ಆಗಬಾರದ ಕೆಲ್ಸ ಕೆಂಪಗೆ ಕಾಣುತ್ತೆ. ಅದೇ ಕಾಂಪೌಂಡ್ ಗೇಟಿನವ್ನು ವಾರ ತಡ ಮಾಡಿದ್ರೂ ಕೊನೇ ತಾರೀಕು ಅಲ್ಲಾಡಲ್ಲ. ಬೆಳಿಗ್ಗೆ ಎದ್ದು ಮೊದ್ಲು ಯಾರಿಗೆ ಫೋನ್ ಮಾಡ್ಬೇಕು ಅನ್ನೋದು ಇದ್ರಿಂದ ಗೊತ್ತಾಗುತ್ತೆ, ನನಗಂತೂ ಇದು ತುಂಬಾ ದೊಡ್ಡ ಅನುಕೂಲ.

ಹಾಕಿಕೊಂಡ ಕೂಡ್ಲೇ ಕ್ಯಾಲೆಂಡರ್ ಸರಿ ಮಾಡ್ಕೊಳ್ರಿ, ಅದ್ರಲ್ಲಿ ಶನಿವಾರ ರಜೆ ಅಂತಿರುತ್ತೆ, ನಮ್ಮಲ್ಲಿ ಶನಿವಾರ ಕೆಲ್ಸ ಐತಲ್ಲ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬಂದಾಗ ಗಾರೆಯವ್ರು ಯಾರೂ ಸೈಟಿಗೆ ಬರಲ್ಲ, ಆ ದಿನಗಳನ್ನ ಮೊದ್ಲೇ ರಜೆ ಹಾಕಿಡ್ತೀನಿ. ಆದ್ರೆ ಕಾಂಕ್ರೀಟ್ ಗಟ್ಟಿ ಆಗೋಕೆ ನೀರುಣಿಸೋ ಕ್ಯೂರಿಂಗ್‌ಗೆ ಜಾತ್ರೆ, ಭಾನುವಾರ ಅಂತ ಇಲ್ಲ, ನೀರು ಹೊಡೀಲೇಬೇಕು, ಹಂಗಾಗಿ ವಾರದ ಏಳೂ ದಿನ ಕೆಲ್ಸ ಅಂತ ಬೇರೆ ಕ್ಯಾಲೆಂಡರ್ ಮಾಡಿ ಆ ಟಾಸ್ಕಿಗೆ ಅದನ್ನೇ ಕೊಟ್ಟಿರ್ತೀನಿ.

ಬೇಸ್‌ಲೈನ್ ಇನ್ನೊಂದು. ಅಗ್ರಿಮೆಂಟ್ ದಿನದ ಪ್ಲಾನ್ ಸೇವ್ ಮಾಡಿಟ್ರೆ, ಮನೆ ಯಜಮಾನ್ರು ಅರ್ಧದಲ್ಲಿ ದೇವ್ರ ಮನೆ ಜಾಗ ಬದಲಾಯಿಸಿ ಅಂದಾಗ ಹಳೇದು ಹೊಸದು ಪಕ್ಕಪಕ್ಕ ಇಟ್ಟು ತೋರಿಸ್ಬೋದು, ಮಾತಿಗೆ ಮಾತು ಬೆಳೆಯಲ್ಲ.

ಡೆಸ್ಕ್‌ಟಾಪ್ ವರ್ಷನ್ ಒಬ್ರು ಕೂತು ಮಾಡೋಕೆ ಇರೋದು. ಮೇಸ್ತ್ರಿಗೆ ನಾನು ಪಿಡಿಎಫ್ ಮಾಡಿ ವಾಟ್ಸಾಪ್ ಮಾಡ್ತೀನಿ, ಅದೂ ಮುಂದಿನ ವಾರದ್ದಷ್ಟೇ, ಪೂರ್ತಿ ಚಾರ್ಟ್ ಕಳಿಸಿದ್ರೆ ಯಾರೂ ಓದಲ್ಲ. ನಾಲ್ಕೈದು ಜನ ಬೇರೆ ಬೇರೆ ಊರಿಂದ ಒಟ್ಟಿಗೆ ಅಪ್‌ಡೇಟ್ ಮಾಡ್ಬೇಕು ಅನ್ನೋರು ಆನ್‌ಲೈನ್ ಇರೋದನ್ನೇ ನೋಡ್ರಿ. ಎರಡು ಮೂರು ಸೈಟು, ಒಂದು ಲ್ಯಾಪ್‌ಟಾಪು ಇರೋರಿಗೆ ತಿಂಗಳು ತಿಂಗಳು ತಲೆಗಿಷ್ಟು ಅಂತ ದುಡ್ಡು ಕಟ್ಟೋ ಆಪ್ ಬೇಡ, ಇದೇ ಸಾಕು.