ಬೇಸ್‌ಬಾಲ್ ಚೆಂಡು ಮತ್ತು ಗ್ಲೌಸ್: ಸೈ ಯಂಗ್ ಎಂಬ ಅಳತೆಗೋಲಿನಲ್ಲಿ

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಕಡೆಯ ಕ್ರೀಡಾ ಸಾಮಗ್ರಿ ಅಂಗಡಿಯೊಂದರಲ್ಲಿ, ಶಾಲಾ ಮಕ್ಕಳ ಅಭ್ಯಾಸಕ್ಕೆಂದು ಕೊಂಡ ಬೇಸ್‌ಬಾಲ್ ಚೆಂಡು ಮತ್ತು ಗ್ಲೌಸ್ ಕುರಿತು ಈ ವಿಮರ್ಶೆ. ಬೇಸ್‌ಬಾಲ್ ಕೇಳಿದರೆ ಸಾಫ್ಟ್‌ಬಾಲ್ ಎತ್ತಿ ಕೊಡುವ ಅಂಗಡಿಗಳೇ ಹೆಚ್ಚಿರುವಾಗ, ಇಲ್ಲಿ ಕೇಳಿದ್ದೇ ಸಿಕ್ಕಿತು ಎಂಬುದು ಮೊದಲ ಸಮಾಧಾನ.

ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು, ಆಗಲು ಹೊರಟ ಮಕ್ಕಳಿಗೆ ಎಂಥ ಚೆಂಡು ಬೇಕು ಎಂದು ನಿರ್ಧರಿಸುವಾಗ ನಾನು ನೆನೆಯುವುದು ಅಮೆರಿಕದ ಹಳೆಯ ಪಿಚರ್ ಸೈ ಯಂಗ್‌ನನ್ನು. 1867ರಲ್ಲಿ ಓಹಿಯೊ ರಾಜ್ಯದ ಗಿಲ್ಮೋರ್ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದ ಡೆಂಟನ್ ಟ್ರೂ ಯಂಗ್‌ನ ಎಸೆತಕ್ಕೆ ಹಲಗೆಯ ಬೇಲಿ ಚಂಡಮಾರುತ ಬಡಿದಂತೆ ಮುರಿದುಹೋಗಿತ್ತಂತೆ. 'ಸೈಕ್ಲೋನ್' ಎಂದು ಬಂದ ಅಡ್ಡಹೆಸರು ಮೊಟಕಾಗಿ 'ಸೈ' ಎಂದು ಉಳಿಯಿತು. 1890ರಲ್ಲಿ ಕ್ಲೀವ್‌ಲ್ಯಾಂಡ್ ತಂಡದಿಂದ ಅಗ್ರ ಲೀಗ್‌ಗೆ ಕಾಲಿಟ್ಟ ಆತ 1911ರಲ್ಲಿ ನಿವೃತ್ತನಾಗುವ ಹೊತ್ತಿಗೆ 511 ಪಂದ್ಯಗಳನ್ನು ಗೆದ್ದಿದ್ದ, ಎರಡನೆಯ ಸ್ಥಾನದ ವಾಲ್ಟರ್ ಜಾನ್ಸನ್‌ನ ಗೆಲುವುಗಳು 417. ಸೋಲಿನ ಪಟ್ಟಿಯಲ್ಲೂ 315 ಪಂದ್ಯಗಳೊಂದಿಗೆ ಯಂಗ್‌ನೇ ಮೊದಲಿಗ ಎಂಬುದನ್ನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ.

ಆದರೆ ನನ್ನ ಗಮನ ಬೇರೆ ಅಂಕಿಗಳ ಮೇಲಿದೆ. 7,356 ಇನ್ನಿಂಗ್ಸ್ ಎಸೆದ ಈತ ಬ್ಯಾಟರ್‌ಗಳಿಗೆ ಪುಕ್ಕಟೆಯಾಗಿ ಬಿಟ್ಟುಕೊಟ್ಟ ನಡಿಗೆಗಳು (ನಾಲ್ಕು ಎಸೆತ ಗುರಿ ತಪ್ಪಿದರೆ ಬ್ಯಾಟರ್ ಮೊದಲ ಬೇಸ್‌ಗೆ, ಅಂದರೆ ಓಟದ ಮೊದಲ ನೆಲೆಗೆ, ಸುಮ್ಮನೆ ನಡೆದುಹೋಗುವುದು) 1,217 ಮಾತ್ರ. 1893ರಲ್ಲಿ ಪಿಚರ್ ನಿಲ್ಲುವ ಜಾಗವನ್ನು ಹಿಂದಕ್ಕೆ ಸರಿಸಿ 60 ಅಡಿ 6 ಅಂಗುಲಕ್ಕೆ ನಿಗದಿಪಡಿಸಿದಾಗ ಅನೇಕರು ತತ್ತರಿಸಿದರೂ, ಹಿಂದಿನ ವರ್ಷ 36 ಪಂದ್ಯ ಗೆದ್ದಿದ್ದ ಯಂಗ್ ಆ ವರ್ಷವೂ 34 ಗೆದ್ದ. 1904ರ ಮೇ 5ರಂದು ಬಾಸ್ಟನ್ ಪರವಾಗಿ, ಫಿಲಡೆಲ್ಫಿಯಾದ 27 ಬ್ಯಾಟರ್‌ಗಳಲ್ಲಿ ಒಬ್ಬನನ್ನೂ ಬೇಸ್ ಮುಟ್ಟಗೊಡದೆ ಪಂದ್ಯ ಮುಗಿಸಿದ್ದು ಬರೀ ವೇಗದ ಬಲದಿಂದಲ್ಲ, ಹಿಡಿತದಿಂದ. ಹಿಡಿತ ಹುಟ್ಟುವುದು ಚೆಂಡಿನ ಹೊಲಿಗೆಯ ಮೇಲೆ ಬೆರಳು ಕೂರುವ ರೀತಿಯಲ್ಲಿ.

ನಾನು ಕೊಂಡ ಚೆಂಡು ಸೋಲುವುದು ಇಲ್ಲಿಯೇ. ಒಳ್ಳೆಯ ಬೇಸ್‌ಬಾಲ್‌ನಲ್ಲಿ ಎರಡು ಚರ್ಮದ ತುಂಡುಗಳನ್ನು ಕೆಂಪು ದಾರದ 108 ಜೋಡಿ ಹೊಲಿಗೆಗಳು ಒಂದೇ ಎತ್ತರದಲ್ಲಿ ಬಿಗಿದಿರುತ್ತವೆ. ಈ ಚೆಂಡಿನಲ್ಲಿ ಒಂದು ಕಡೆ ದಾರ ಉಬ್ಬಿ ಬೆರಳಿಗೆ ತಾಗಿದರೆ, ಇನ್ನೊಂದು ಕಡೆ ಕೃತಕ ಚರ್ಮದೊಳಗೆ ಹುದುಗಿ ಹೋಗಿದೆ. ಹೀಗಾಗಿ ಹುಡುಗ ಎರಡು ಬಾರಿ ಒಂದೇ ರೀತಿ ಹಿಡಿದರೂ ಚೆಂಡು ಎರಡು ದಾರಿ ಹಿಡಿಯುತ್ತದೆ. ಬಾಳಿಕೆಯ ವಿಷಯದಲ್ಲಿ ಮಾತ್ರ ದೂರಿಲ್ಲ: ಹೈಸ್ಕೂಲ್ ಮೈದಾನದ ಗಟ್ಟಿ ನೆಲಕ್ಕೆ ಬಡಿದು ಬಡಿದು ಬಣ್ಣ ಕೆಟ್ಟಿದೆಯೇ ಹೊರತು ಆಕಾರ ಕೆಟ್ಟಿಲ್ಲ. ಯಂಗ್‌ನ ಕಾಲದಲ್ಲಿ ಚೆಂಡು ಕಪ್ಪಾಗಿ ಮೆತ್ತಗಾದರೂ ಅದರಲ್ಲೇ ಆಟ ಮುಂದುವರಿಸುತ್ತಿದ್ದರು. ಅಂಥ ಚೆಂಡುಗಳಲ್ಲೇ ಆತ ಆರಂಭಿಸಿದ 815 ಪಂದ್ಯಗಳಲ್ಲಿ 749ನ್ನು ತಾನೇ ಕೊನೆಯವರೆಗೆ ಎಸೆದು ಮುಗಿಸಿದ.

ಗ್ಲೌಸ್ ಹೊಸದರಲ್ಲಿ ಹಲಗೆಯಷ್ಟು ಬಿರುಸಾಗಿತ್ತು. ಎಣ್ಣೆ ಸವರಿ, ಒಳಗೆ ಚೆಂಡಿಟ್ಟು, ದಾರದಿಂದ ಬಿಗಿದು ರಾತ್ರಿಯಿಡೀ ಇಟ್ಟ ಮೇಲೆ ಅಂಗೈಯ ಗುಳಿ ಮೂಡಿತು. ಬಲಗೈ ಎಸೆತಗಾರ ಗ್ಲೌಸ್ ತೊಡುವುದು ಎಡಗೈಗೆ. ಅಂಗಡಿಯ ಹುಡುಗ ಮೊದಲು ಕೊಟ್ಟದ್ದು ಬಲಗೈಯದು. ಮಾಲೀಕರು ತಕರಾರಿಲ್ಲದೆ ಬದಲಿಸಿಕೊಟ್ಟರು.

1955ರಲ್ಲಿ ಯಂಗ್ ತೀರಿಕೊಂಡ ಮರುವರ್ಷದಿಂದ ಅಮೆರಿಕದ ಅಗ್ರ ಲೀಗ್‌ಗಳ ಅತ್ಯುತ್ತಮ ಪಿಚರ್‌ಗಳಿಗೆ ಆತನ ಹೆಸರಿನ ಪ್ರಶಸ್ತಿ ಸಲ್ಲುತ್ತಿದೆ. ಅಂಥ ಎಸೆತದ ಕನಸಿರುವ ಮಕ್ಕಳಿಗೆ ಈ ಚೆಂಡು ಸಾಲದು, ಕ್ಯಾಚ್ ಹಿಡಿಯುವ ಅಭ್ಯಾಸಕ್ಕೆ ಧಾರಾಳವಾಗಿ ಸಾಕು. ಗ್ಲೌಸನ್ನು ತೊಟ್ಟು ನೋಡಿ ಕೊಳ್ಳಬಹುದು. ಚೆಂಡು ಕೊಳ್ಳುವವರು ಡಬ್ಬಿ ಬಿಚ್ಚಿಸಿ, ಹೊಲಿಗೆಯ ಮೇಲೆ ಹೆಬ್ಬೆರಳನ್ನು ಪೂರ್ತಿ ಒಂದು ಸುತ್ತು ಆಡಿಸಿ ನೋಡಿದ ಮೇಲೆಯೇ ಹಣ ಕೊಡಲಿ.