ಬಿಗ್ ಸರ್ ದಾರಿಯ ಪ್ರವಾಸಕ್ಕೆ ಮುಂಗಡ ಹಣ ಕಟ್ಟುವ ಮೊದಲು ಓದಿ

ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸ್‌ಗೆ ಬಿಗ್ ಸರ್ ಎಂಬ ಬೆಟ್ಟಗಳ ಕರಾವಳಿಯ ಮೂಲಕ ಸಾಗುವ ಕಡಲಂಚಿನ ಹೈವೇ 1ರಲ್ಲಿ ಅಲ್ಲಲ್ಲಿ ತಂಗುತ್ತ ಕಾರಿನಲ್ಲಿ ಹೋಗಬೇಕೆಂದಿರುವವರಿಗೆ, ಅದರಲ್ಲೂ ಊರಿನಿಂದ ಬಂದಿರುವ ವಯಸ್ಸಾದ ತಂದೆ ತಾಯಿಯನ್ನು ಕರೆದೊಯ್ಯಬೇಕೆಂದಿರುವವರಿಗೆ, ಈ ಬರಹ. ದಾರಿಯುದ್ದದ ಹೋಟೆಲುಗಳಿಗೆಲ್ಲ ಒಟ್ಟಿಗೆ ಹಣ ಪಡೆದು, ದಿನದಿನದ ಕಾರ್ಯಕ್ರಮವನ್ನು ಅಚ್ಚುಕಟ್ಟಾಗಿ ಮುದ್ರಿಸಿ ಕೈಗಿಡುವ ಪ್ರವಾಸ ಸಂಸ್ಥೆಯೊಂದು, ಆ ದಾರಿ ನಡುವೆ ಕುಸಿದು ಮುಚ್ಚಿದೆ ಎಂಬುದನ್ನು ನೋಡದೆಯೇ ನಮ್ಮನ್ನು ಕಳುಹಿಸಿತು. 2024ರ ಜುಲೈನಲ್ಲಿ ನಡೆದದ್ದು ಇದು. ಇನ್ನೊಂದು ಕುಟುಂಬಕ್ಕೆ ಹಾಗಾಗಬಾರದು.

ನಮಗೆ ಕೊಟ್ಟ ಯೋಜನೆ ಹೀಗಿತ್ತು. ಮೊದಲ ರಾತ್ರಿ ಮಾಂಟೆರೆಯಲ್ಲಿ. ಮರುದಿನ ಬೆಳಿಗ್ಗೆ ಹೊರಟು ಬಿಕ್ಸ್‌ಬಿ ಸೇತುವೆ, ಬಿಗ್ ಸರ್, ಮೆಕ್‌ವೇ ಜಲಪಾತಗಳನ್ನು ನೋಡಿಕೊಂಡು ಮಧ್ಯಾಹ್ನದ ಹೊತ್ತಿಗೆ ಸ್ಯಾನ್ ಸಿಮಿಯಾನ್ ತಲುಪಿ ಹರ್ಸ್ಟ್ ಕ್ಯಾಸಲ್ ಎಂಬ ಅರಮನೆಯಂಥ ಬಂಗಲೆ ನೋಡಿ ಅಲ್ಲಿಯೇ ತಂಗುವುದು. ಮೂರನೆಯ ರಾತ್ರಿ ಸಾಂಟಾ ಬಾರ್ಬರಾದಲ್ಲಿ. ಆಮೇಲೆ ಕ್ಯಾಲಬಾಸಸ್‌ನಲ್ಲಿರುವ, ಮಾಲಿಬು ದೇವಸ್ಥಾನ ಎಂದೇ ಎಲ್ಲರೂ ಕರೆಯುವ ಗುಡಿಯಲ್ಲಿ ವೆಂಕಟೇಶ್ವರನ ದರ್ಶನ ಮಾಡಿ ಲಾಸ್ ಏಂಜಲೀಸ್ ಸೇರುವುದು. ಮಾಂಟೆರೆಯಿಂದ ಸ್ಯಾನ್ ಸಿಮಿಯಾನ್‌ಗೆ ಸುಮಾರು 95 ಮೈಲಿ, ನಿಧಾನವಾಗಿ ಹೋದರೂ ಮೂರು ಗಂಟೆ ಎಂದು ಕಾಗದದಲ್ಲಿತ್ತು. ದಾರಿ ತೆರೆದಿದ್ದರೆ ಆ ಲೆಕ್ಕ ಸರಿಯೇ. ಮೇ ತಿಂಗಳಲ್ಲಿ ಹಣ ಕಟ್ಟುವ ಮೊದಲು ನನ್ನ ಪತ್ನಿ ರಸ್ತೆಯ ಬಗ್ಗೆ ಸ್ಪಷ್ಟವಾಗಿಯೇ ವಿಚಾರಿಸಿದ್ದಳು. ಮಳೆ ಮುಗಿದಿದೆ, ಬೇಸಿಗೆಯಲ್ಲಿ ಅಲ್ಲಿ ಯಾವ ತೊಂದರೆಯೂ ಇರುವುದಿಲ್ಲ ಎಂಬ ಉತ್ತರ ಇಮೇಲಿನಲ್ಲಿ ಬಂದಿತ್ತು.

ಈ ಉತ್ತರವೇ ಎಲ್ಲ ಅನರ್ಥದ ಮೂಲ. ಕೇಳುವುದಕ್ಕೆ ನ್ಯಾಯವಾಗಿ ತೋರುವ ಮಾತಾದ್ದರಿಂದ ಸ್ವಲ್ಪ ವಿವರಿಸಬೇಕಾಗಿದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯುವುದನ್ನು ಕಂಡ ನಮಗೆ, ಮಳೆ ನಿಂತು ಮಣ್ಣು ತೆಗೆದರೆ ವಾಹನ ಸಂಚಾರ ಮತ್ತೆ ಶುರುವಾಗುತ್ತದೆ ಎಂಬ ಅಂದಾಜಿರುತ್ತದೆ. ಬಿಗ್ ಸರ್‌ನಲ್ಲಿ ಹಾಗಲ್ಲ. ಅಲ್ಲಿ ಸಾಂಟಾ ಲೂಸಿಯಾ ಪರ್ವತಗಳು ಸಮುದ್ರದಿಂದಲೇ ನೇರವಾಗಿ ಮೇಲೆದ್ದಿವೆ. ಬಂಡೆಯಾದರೋ ಜಜ್ಜಿ ಹಿಂಡಿದಂತಹ ಸಡಿಲ ಬಂಡೆ. ಹದಿನೆಂಟು ವರ್ಷ ಕೆಲಸ ನಡೆದು, ಕೈದಿಗಳ ದುಡಿಮೆಯನ್ನೂ ಬಳಸಿ, 1937ರಲ್ಲಿ ಈ ರಸ್ತೆ ತೆರೆದಂದಿನಿಂದಲೂ ಗುಡ್ಡ ಅದರ ಮೇಲೆ ಇಳಿಯುತ್ತಲೇ ಇದೆ. ಚಳಿಗಾಲದ ಮಳೆಯಲ್ಲಿ ನೆನೆದ ಗುಡ್ಡ ಮಳೆ ನಿಂತ ಮೇಲೂ ಜಾರುತ್ತದೆ. 2017ರಲ್ಲಿ ಮಡ್ ಕ್ರೀಕ್ ಎಂಬಲ್ಲಿ ಕಾಲು ಮೈಲಿಯಷ್ಟು ರಸ್ತೆಯನ್ನು ಮುಚ್ಚಿಹಾಕಿದ ಮಹಾಕುಸಿತ ಆದದ್ದು ಮೇ ತಿಂಗಳಲ್ಲಿ. ದಾರಿ ಮತ್ತೆ ತೆರೆದದ್ದು 2018ರ ಜುಲೈನಲ್ಲಿ. 2021ರ ಜನವರಿಯಲ್ಲಿ ರ‍್ಯಾಟ್ ಕ್ರೀಕ್‌ನಲ್ಲಿ ರಸ್ತೆಯೇ ಕೊಚ್ಚಿ ಸಮುದ್ರ ಸೇರಿತು. 2023ರ ಜನವರಿಯಲ್ಲಿ ಪಾಲ್ಸ್ ಸ್ಲೈಡ್‌ನಲ್ಲಿ ಮುಚ್ಚಿದ ದಾರಿಯನ್ನು ಸರಿಪಡಿಸುತ್ತಿರುವಾಗಲೇ, 2024ರ ಮೊದಲ ತಿಂಗಳುಗಳಲ್ಲಿ ಅದರ ಉತ್ತರಕ್ಕೆ ರೀಜೆಂಟ್ಸ್ ಸ್ಲೈಡ್ ಎಂಬ ಇನ್ನೊಂದು ಕುಸಿತವಾಯಿತು. ನನ್ನ ಪತ್ನಿಯ ಪ್ರಶ್ನೆಗೆ ಉತ್ತರ ಬರೆದವರ ಕಣ್ಣೆದುರಿಗೇ ಈ ಸುದ್ದಿ ಇತ್ತು. ಆದ್ದರಿಂದ ತಿಂಗಳು ಯಾವುದು ಎಂಬುದರಿಂದ ಈ ದಾರಿಯ ಸ್ಥಿತಿ ತಿಳಿಯುವುದಿಲ್ಲ.

ಪ್ರಯಾಣದ ದಿನ ಕಾರ್ಮೆಲ್ ದಾಟುವಾಗಲೇ, ಸ್ಯಾನ್ ಸಿಮಿಯಾನ್ ಪಕ್ಕದ ಊರಾದ ಕೇಂಬ್ರಿಯಾಕ್ಕೆ ನೇರ ದಾರಿಯಿಲ್ಲ ಎಂಬ ಫಲಕ ಕಂಡಿತು. ತಕ್ಷಣ ಕಾರು ನಿಲ್ಲಿಸಿ ಸಂಸ್ಥೆಗೆ ಫೋನ್ ಮಾಡಿದೆವು. ಬಿಗ್ ಸರ್‌ಗೆ ದಾರಿ ತೆರೆದೇ ಇದೆ, ಫಲಕ ಹಳೆಯದಿರಬೇಕು, ಧೈರ್ಯವಾಗಿ ಹೋಗಿ ಎಂದರು. ಬಿಗ್ ಸರ್‌ವರೆಗೆ ತೆರೆದಿದ್ದದ್ದು ನಿಜವೇ. ಅದೇ ವರ್ಷದ ಮಾರ್ಚ್ ಕೊನೆಯಲ್ಲಿ ರಾಕಿ ಕ್ರೀಕ್ ಬಳಿ ರಸ್ತೆಯ ಒಂದು ಬದಿ ಸಮುದ್ರಕ್ಕೆ ಕಳಚಿ ಬಿದ್ದಿತ್ತು; ಅಲ್ಲಿ ಸಿಗ್ನಲ್ ಹಾಕಿ ಒಂದೇ ಸಾಲಿನಲ್ಲಿ ವಾಹನ ಬಿಡುತ್ತಿದ್ದರು. ಅದನ್ನೂ ದಾಟಿ, ಬಿಕ್ಸ್‌ಬಿ ಸೇತುವೆಯನ್ನೂ ಮೆಕ್‌ವೇ ಜಲಪಾತವನ್ನೂ ನೋಡಿ, ಲೂಸಿಯಾ ಎಂಬ ಊರು ಇನ್ನು ಕೆಲವೇ ಮೈಲಿ ಇರುವಾಗ ರಸ್ತೆಗೆ ಅಡ್ಡಲಾಗಿ ತಡೆ ಹಾಕಿತ್ತು. ಅಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಕಾರ್ಮೆಲ್ ಬಿಟ್ಟ ಸ್ವಲ್ಪ ಹೊತ್ತಿಗೇ ಅದು ಕೈಕೊಡುತ್ತದೆ. ಆದ್ದರಿಂದ ಮುಂದೇನು ಎಂದು ಕೇಳುವುದಕ್ಕೂ ಬಂದ ದಾರಿಯಲ್ಲೇ ಅಷ್ಟು ದೂರ ಹಿಂದಿರುಗಬೇಕಾಯಿತು.

ಬಿಗ್ ಸರ್‌ನಿಂದ ಸ್ಯಾನ್ ಸಿಮಿಯಾನ್‌ಗೆ ನೇರವಾಗಿ ಸುಮಾರು 65 ಮೈಲಿ. ತಡೆಯ ಬಳಿಯಿಂದ ಮತ್ತೆ ಉತ್ತರಕ್ಕೆ ಮಾಂಟೆರೆಗೆ ಬಂದು, ಸಲೀನಾಸ್‌ನಲ್ಲಿ ಒಳನಾಡಿನ ಹೈವೇ 101 ಹಿಡಿದು ಪಾಸೊ ರೋಬಲ್ಸ್‌ಗೆ ಇಳಿದು, ಅಲ್ಲಿಂದ ಹೈವೇ 46ರಲ್ಲಿ ಕೇಂಬ್ರಿಯಾ ಮೂಲಕ ಸುತ್ತಿ ಬರುವಾಗ ಅದು ಇನ್ನೂರು ಮೈಲಿಗೆ ಹತ್ತಿರವಾಗುತ್ತದೆ. ನಮ್ಮ ತಂದೆಯವರು ಇನ್ಸುಲಿನ್ ತೆಗೆದುಕೊಳ್ಳುವವರು, ಹೊತ್ತಿಗೆ ಸರಿಯಾಗಿ ಊಟವಾಗಲೇಬೇಕು. ಅಮ್ಮನಿಗೆ ತಿರುವುಗಳಲ್ಲಿ ಹೊಟ್ಟೆ ತೊಳಸಿ, ವಾಂತಿಯಾಗಿ, ಕೂರಲೂ ಆಗದಂತಾಗಿತ್ತು. ಅದೇ ತಿರುವುಗಳನ್ನು ಅದೇ ದಿನ ಎರಡನೆಯ ಸಲ ದಾಟಿಸುವುದು ಎಷ್ಟು ಕಷ್ಟ ಎಂಬುದು ಹಿರಿಯರನ್ನು ಕರೆದೊಯ್ದವರಿಗೆ ಗೊತ್ತು. ಸ್ಯಾನ್ ಸಿಮಿಯಾನ್ ಸೇರುವಾಗ ತಡರಾತ್ರಿ. ಕ್ಯಾಸಲ್ ನೋಡುವ ಹೊತ್ತು ಎಂದೋ ಮೀರಿತ್ತು. ಮರುದಿನ ಇಬ್ಬರೂ ಏಳುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ ಅಲ್ಲಿಯೇ ಇನ್ನೊಂದು ರಾತ್ರಿಗೆ ಹಣ ಕೊಟ್ಟು ಉಳಿದೆವು, ಸಾಂಟಾ ಬಾರ್ಬರಾದ ಕೋಣೆ ಹಾಗೆಯೇ ಹೋಯಿತು. ಉತ್ತರದಿಂದ ಹೀಗೆ ಸುತ್ತಿ ಬಳಲಿ ಬರುವವರನ್ನು ದಿನವೂ ನೋಡುತ್ತಿದ್ದೇವೆ ಎಂದು ಹೋಟೆಲಿನ ಹೆಂಗಸು ಬಹಳ ಬೇಸರದಿಂದ ಹೇಳಿದರು.

ಈಗ, ನೀವು ಮಾಡಬೇಕಾದದ್ದು. ಕ್ಯಾಲಿಫೋರ್ನಿಯಾ ಸರ್ಕಾರದ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್ ಎಂಬ ಅಂತರ್ಜಾಲ ನಕ್ಷೆಯಲ್ಲಿ, ಅಥವಾ 1-800-427-7623ಕ್ಕೆ ಫೋನ್ ಮಾಡಿ ಹೈವೇ ಸಂಖ್ಯೆ ಹೇಳಿ, ರಸ್ತೆಯ ಸ್ಥಿತಿಯನ್ನು ನೀವೇ ತಿಳಿದುಕೊಳ್ಳಿ: ಹಣ ಕಟ್ಟುವ ಮೊದಲು ಒಮ್ಮೆ, ಹೊರಡುವ ಹಿಂದಿನ ಸಂಜೆ ಒಮ್ಮೆ. ಬಿಗ್ ಸರ್ ತೆರೆದಿದೆಯೇ ಎಂದು ಯಾರನ್ನೂ ಕೇಳಬೇಡಿ. ಕಾರ್ಮೆಲ್‌ನಿಂದ ಕೇಂಬ್ರಿಯಾದವರೆಗೆ ಎಲ್ಲಿಯೂ ತಡೆಯಿಲ್ಲದೆ ಹೋಗಬಹುದೇ ಎಂದು ಕೇಳಿ. ಮೊದಲ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೂ ಎರಡನೆಯದಕ್ಕೆ ಇಲ್ಲ ಎಂಬುದೇ ಸತ್ಯವಾಗಿರಬಹುದು. ನಡುವೆ ಪರ್ವತ ದಾಟಿ 101ರ ಕಡೆಗೆ ಹೋಗಲು ಡಾಂಬರು ಹಾಕಿದ ದಾರಿಯೆಂದರೆ ನಾಸಿಮಿಯೆಂಟೊ-ಫರ್ಗುಸನ್ ರಸ್ತೆ ಒಂದೇ. ಅದು ಕಿರಿದಾದ, ವಿಪರೀತ ತಿರುವುಗಳ ದಾರಿ, ಅದೂ ಕಾಡ್ಗಿಚ್ಚು ಹಾಗೂ ಮಳೆಯಿಂದ ಹಾಳಾಗಿ ದೀರ್ಘಕಾಲ ಮುಚ್ಚಿತ್ತು. ಅದನ್ನು ನಂಬಿ ಯೋಜನೆ ಹಾಕಬೇಡಿ. ಪೆಟ್ರೋಲ್ ಬಂಕ್‌ಗಳೂ ಬಹಳ ಕಡಿಮೆ, ಬೆಲೆ ವಿಪರೀತ. ಕಾರ್ಮೆಲ್‌ನಲ್ಲೇ ಟ್ಯಾಂಕ್ ತುಂಬಿಸಿ, ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಂಡು ಹೊರಡಿ.

ದಾರಿಯ ದಕ್ಷಿಣದ ತುದಿಗೂ ಇದೇ ಮಾತು ಸಲ್ಲುತ್ತದೆ. 2025ರ ಜನವರಿಯ ಪ್ಯಾಲಿಸೇಡ್ಸ್ ಕಾಡ್ಗಿಚ್ಚಿನ ನಂತರ ಮಾಲಿಬು ಬಳಿ ಇದೇ ಹೈವೇ ಸಾರ್ವಜನಿಕರಿಗೆ ಮತ್ತೆ ತೆರೆದದ್ದು ಮೇ ತಿಂಗಳಲ್ಲಿ. ದೇವಸ್ಥಾನಕ್ಕೆ ಹೋಗುವವರಿಗೆ ಒಳನಾಡಿನ 101ರಿಂದಲೂ ದಾರಿಯಿದೆ.

ಹಿರಿಯರಿದ್ದರೆ, ರಸ್ತೆ ತೆರೆದಿದ್ದರೂ, ಮಾಂಟೆರೆಯಲ್ಲಿ ಎರಡು ರಾತ್ರಿ ಉಳಿಯುವುದೇ ಒಳ್ಳೆಯದೆಂದು ನನ್ನ ದೃಢವಾದ ಅಭಿಪ್ರಾಯ. ಒಂದು ದಿನ ಬಿಗ್ ಸರ್‌ಗೆ ಹೋಗಿ, ಸಾಕೆನಿಸಿದಲ್ಲಿ ಹಿಂದಿರುಗಿ ವಿಶ್ರಾಂತಿ ಪಡೆದು, ಮರುದಿನ 101ರಲ್ಲಿ ದಕ್ಷಿಣಕ್ಕೆ ಹೋದರೆ ನೋಡಬೇಕಾದ ಜಾಗಗಳಲ್ಲಿ ಹೆಚ್ಚಿನವು ತಪ್ಪುವುದಿಲ್ಲ. ನಡುವೆ ಎಲ್ಲಿ ಕುಸಿದರೂ ನಿಮ್ಮ ಹೋಟೆಲುಗಳು ಕೈತಪ್ಪುವುದಿಲ್ಲ.

ಹಣದ ವಿಷಯ ಕೊನೆಗೆ. ಪ್ರತಿಯೊಂದು ಕೋಣೆಯನ್ನೂ ಬೇರೆಬೇರೆಯಾಗಿ, ಹಿಂದಿನ ದಿನದವರೆಗೆ ರದ್ದು ಮಾಡಬಹುದಾದ ದರದಲ್ಲಿಯೇ ತೆಗೆದುಕೊಳ್ಳಿ. ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯಾದ ಕಾನೂನಿನಂತೆ, ತಂಗುವ ದಿನಕ್ಕೆ ಕನಿಷ್ಠ 72 ಗಂಟೆ ಮೊದಲು ಕಾಯ್ದಿರಿಸಿದ ಕೋಣೆಯನ್ನು, ಕಾಯ್ದಿರಿಸಿದ್ದು ಖಚಿತವಾದ 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಬಹುದು. ಆ ಒಂದು ದಿನವನ್ನು ರಸ್ತೆ ವಿಚಾರಿಸುವುದಕ್ಕೆ ಬಳಸಿಕೊಳ್ಳಿ. ಸಂಸ್ಥೆಯ ಮೂಲಕವೇ ಹೋಗುವುದಾದರೆ, ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸ ಮಾರುವವರು ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಸಿಎಸ್‌ಟಿ (CST) ಎಂದು ಆರಂಭವಾಗುವ ನೋಂದಣಿ ಸಂಖ್ಯೆಯನ್ನು ತಮ್ಮ ಜಾಹೀರಾತಿನಲ್ಲಿ ತೋರಿಸಬೇಕೆಂಬ ನಿಯಮವಿದೆ. ಆ ಸಂಖ್ಯೆ ಕಾಣದಿದ್ದರೆ ಹಣ ಕೊಡಬೇಡಿ. ಅಮೆರಿಕದ ಬ್ಯಾಂಕಿನ ಕ್ರೆಡಿಟ್ ಕಾರ್ಡಿನಲ್ಲಿಯೇ ಪಾವತಿ ಮಾಡಿ; ತಕರಾರಿದ್ದರೆ, ಅಮೆರಿಕದ ಕಾನೂನಿನಂತೆ, ಆ ಮೊತ್ತವಿರುವ ಬಿಲ್ ಕಳುಹಿಸಿದ 60 ದಿನಗಳೊಳಗೆ ಅದು ಕಾರ್ಡ್ ಕಂಪನಿಗೆ ಬರವಣಿಗೆಯಲ್ಲಿ ತಲುಪಬೇಕು. ಊರಿನ ಬ್ಯಾಂಕಿನ ಕಾರ್ಡಿಗೆ ಈ ಕಾನೂನಿನ ರಕ್ಷಣೆ ಸಿಗುವುದಿಲ್ಲವಾದ್ದರಿಂದ, ಅಪ್ಪನ ಕಾರ್ಡಿನಲ್ಲಿ ಕಟ್ಟೋಣ ಎಂಬ ಯೋಚನೆ ಬೇಡ.

ಭೂಕುಸಿತ ಪ್ರಕೃತಿ ವಿಕೋಪ, ಅದಕ್ಕೆ ನಾವು ಹೊಣೆಯಲ್ಲ ಎಂದು ಸಂಸ್ಥೆ ನಮಗೆ ಬರೆಯಿತು. ಗುಡ್ಡ ಕುಸಿದದ್ದಕ್ಕೆ ಯಾರನ್ನೂ ದೂರಲಾಗದು, ನಿಜ. ಆದರೆ ಕುಸಿದ ಮೇಲೆಯೇ ಅವರು ನಮ್ಮಿಂದ ಹಣ ಪಡೆದದ್ದು. ಆದ್ದರಿಂದ ಕಾರ್ಡ್ ಕಂಪನಿಗೆ ಬರೆದ ದೂರಿನೊಂದಿಗೆ ಕ್ಯಾಲ್‌ಟ್ರಾನ್ಸ್‌ನ ದಿನಾಂಕಸಹಿತ ಪ್ರಕಟಣೆ, ನಮ್ಮ ಪಾವತಿಯ ರಸೀದಿ, ಬೇಸಿಗೆಯಲ್ಲಿ ತೊಂದರೆಯಿಲ್ಲ ಎಂದಿದ್ದ ಆ ಇಮೇಲ್, ಇವು ಮೂರನ್ನೂ ದಿನಾಂಕದ ಕ್ರಮದಲ್ಲಿ ಲಗತ್ತಿಸಿದೆವು. ಸಾಂಟಾ ಬಾರ್ಬರಾದ ಕೋಣೆಯ ಹಣ ವಾಪಸು ಬಂತು. ಫೋನಿನಲ್ಲಿ ಹೇಳಿದ ಯಾವ ಮಾತಿಗೂ ಅಲ್ಲಿ ಬೆಲೆಯಿರಲಿಲ್ಲ, ಆದ್ದರಿಂದ ರಸ್ತೆಯ ಬಗ್ಗೆ ಏನು ಕೇಳಿದರೂ ಉತ್ತರವನ್ನು ಬರವಣಿಗೆಯಲ್ಲಿಯೇ ಪಡೆದುಕೊಳ್ಳಿ.